ಇನ್ನೂ ಮುಟ್ಟಿಲ್ಲ

ಸಾಕಿನಾಕಾದ ಗಾಲಾದಾಗ ಪ್ರೆಸ್ ಮಷೀನು
ನನ್ನ ಬಲಗೈ ನಡುಬೆರಳ ತುದಿ ತಗೊಂಡಾಗ
ಬ್ಯಾನಿ ಆಗಲಿಲ್ಲ.
ಇದನ್ನ ಯಾರೂ ನಂಬೂದಿಲ್ಲ.
ನನ್ನ ಗಂಡ ಅಂತೂ, ಸುಳ್ಳು ಹೇಳ್ತಿ, ಅಂದ.

ಆಗ ನಾನು ಮಾಡಿದ್ದು ಇಷ್ಟು:
ಸ್ವಿಚ್ ಆರಿಸಿದೆ.
ಎದುರಿಗೆ ಕೂತ ಜರೀನಾಗ, ಚೀರಬ್ಯಾಡ,
ಸೇಠ ಓಡಿ ಬಂದಾನು, ಅಂದೆ.
ರಕ್ತ ಹತ್ತಿದ ಡಬ್ಬಿ ಮುಚ್ಚಳ ನಾಕು,
ಅವನ್ನ ಬ್ಯಾರೆ ಇಟ್ಟೆ, ಪಗಾರದಾಗ ಹಿಡೀತಾರಂತ.
ಸೆರಗು ಸುತ್ತಿಕೊಂಡು ರಿಕ್ಷಾದಾಗ ಕೂತೆ.
ಅಸಲ್ಫಾ ದಾಟೂತನಕ ಮೀಟರ್ ನೋಡ್ತಿದ್ದೆ.

ಹುಡುಗ ಡಾಕ್ಟರ್ ಕೇಳಿದ, ಹತ್ತರಾಗ ಎಷ್ಟು ಬ್ಯಾನಿ?
ಹತ್ತು ಇದ್ದವು, ಈಗ ಒಂಬತ್ತೂವರಿ, ಅಂದೆ.
ಅವನಿಗೆ ನಗಬೇಕೋ ಬ್ಯಾಡೋ ತಿಳೀಲಿಲ್ಲ.

ಅಂಜಿಕಿ ಅಷ್ಟು ದೊಡ್ಡದಿತ್ತು.
ಬಾಗಿಲ ತುಂಬ ನಿಂತಿತ್ತು,
ಬ್ಯಾನಿಗೆ ಒಳಗ ಬರಾಕ ಜಾಗ ಇರಲಿಲ್ಲ.
ಎಂಟೂ ಐವತ್ತೆರಡರ ಲೋಕಲ್‌ನ್ಯಾಗ
ಬಾಗಿಲ ಹಿಡಿದು ನಿಂತ ಹೆಂಗಸು
ಯಾರನ್ನೂ ಹತ್ತಗೊಡೂದಿಲ್ಲಲ್ಲ, ಹಾಂಗ.
ರಾತ್ರಿ ಮನ್ಯಾಗ, ದೀಪ ಆರಿಸಿದ ಮ್ಯಾಲೆ,
ಆಕಿ ತನ್ನ ಸ್ಟೇಷನ್ ಬಂತಂತ ಇಳಿದು ಹೋದ್ಲು.
ಬ್ಯಾನಿ ಹತ್ತಿತು. ಗಂಟುಮೂಟಿ ಸಮೇತ.

ಹನ್ನೊಂದು ದಿನಕ್ಕ ಹೊಲಿಗಿ ಬಿಚ್ಚೂದು.
ಘಾಟ್‌ಕೋಪರದ ದವಾಖಾನಿ, ಬಾಕಿನ ಮ್ಯಾಲೆ ನಾನು,
ಕೈಯಾಗ ಚೀಟಿ, ನಲವತ್ತೊಂದು.
ಒಳಗ ಹದಿನೇಳು ನಡದಿತ್ತು.
ಹದಿನೇಳಕ್ಕ ಬೆರಳು ಸುಮ್ಮನಿತ್ತು.
ಇಪ್ಪತ್ತೈದಕ್ಕ ಒಳಗೊಂದು ಕೂಸು ಅತ್ತಿತು,
ಬೆರಳು ಮಿಡಿಯಿತು.
ಟ್ರೇದಾಗ ಕತ್ತರಿ ಬಿದ್ದ ಸಪ್ಪಳ ಆತು,
ಮೊಣಕೈತನಕ ಏರಿ ಬಂತು.
ಮೂವತ್ತೆಂಟಕ್ಕ ನಾನು ಬರೇ ಬೆರಳು.
ತಲಿ ಇಲ್ಲ, ಹೊಟ್ಟಿ ಇಲ್ಲ, ಊರು ಇಲ್ಲ,
ಒಂದು ಬೆರಳು ಸೀರಿ ಉಟಗೊಂಡು ಕೂತಿತ್ತು.

ಸುಲಭಾ ಸಿಸ್ಟರ್ ಕಿಟಕಿ ಕಡೆ ಮುಖ ಮಾಡಿ
ಕೈಗವಸು ಹಾಕ್ಕೊಳ್ಳಾಕತ್ತಿದ್ಲು.
ನಾನು ಚೀರಿದೆ.
ಆಕಿ ತಿರುಗಿದ್ಲು, ಎರಡೂ ಕೈ ಮ್ಯಾಲೆತ್ತಿ,
ಪೊಲೀಸರ ಮುಂದ ಕಳ್ಳ ಎತ್ತಿದಂಗ:
ಬಾಯಿ, ನಾನಿನ್ನೂ ಮುಟ್ಟೇ ಇಲ್ಲ.

ಖರೇ. ಮುಟ್ಟಿರಲಿಲ್ಲ.
ಆದ್ರ ಬ್ಯಾನಿನೂ ಖರೇನ ಇತ್ತು.
ಮಷೀನು ಕಡಿದಾಗ ಆಗಲಾರದ್ದು
ಹತ್ತಿ ಒದ್ದಿ ಮಾಡೂದು ನೋಡಿ ಆಗಾಕತ್ತಿತ್ತು.
ಯಾವ ಲೆಕ್ಕ ಇದು?
ಬಂದು ನಿಂತ ಅಂಜಿಕಿ ಬ್ಯಾನಿನ್ನ ಹೊರಗ ಹಾಕ್ತೈತಿ,
ಇನ್ನೂ ಬರಲಾರದ್ದು
ಕೈಹಿಡಿದು ಕರಕೊಂಡು ಬರತೈತಿ.
ಅವ್ವ ಇದ್ದಿದ್ರ ಕೇಳ್ತಿದ್ದೆ. ಏಳು ಹಡದಾಕಿ,
ಮೊದಲನೇದಕ್ಕಿಂತ ಏಳನೇದಕ್ಕ ಹೆಚ್ಚು ನಡುಗಿದ್ಲಂತ.

ಕಾಳಜಿ ಕರೂ ನಕೋಸ್, ಅಂದ್ಲು ಸಿಸ್ಟರ್.
ಕಾಳಜಿ ನಮ್ಮ ಮಾತೂ ಹೌದು, ಅವರ ಮಾತೂ ಹೌದು.
ಮಾಡಬ್ಯಾಡ ಅಂದ ಕೂಡ್ಲೆ ತಗದಿಡಾಕ
ಅದೇನು ಹೆಗಲ ಮ್ಯಾಲಿನ ಶಾಲೇನು?
ಆಮ್ಯಾಲೆ ಕೇಳಿದ್ಲು, ನಿಮ್ಮ ಕಡೆ ನೀರು ಎಷ್ಟಕ್ಕ ಬರ್ತಾವು?
ನಸುಕಿನ್ಯಾಗ ನಾಕೂವರಿಗೆ.
ಎಷ್ಟು ಹೊತ್ತು?
ಇಪ್ಪತ್ತು ಮಿನಿಟು, ಅದೂ ಕಡೀ ಮನಿಯವರು ಮೋಟರ್ ಹಚ್ಚಿದ್ರ
ನಮಗ ಬರೇ ಗಾಳಿ, ಬುಸ್ ಬುಸ್ ಅಂತೈತಿ ನಳ,
ಒಂದಿನ ಆ ಮುದುಕಿಗೆ ನಾನೂ ಬೈದ ಬೈಗಳಾ

ಆತು, ಅಂದ್ಲು.
ತಟ್ಟಿಯಾಗ ಐದು ಕರೀ ದಾರ.
ನಾನು ಎರಡು ಎಣಿಸಿದ್ದೆ.

ಹೊರಡೂ ಮುಂದ ಮತ್ತ ಹೇಳಿದ್ಲು, ಕಾಳಜಿ ಘೇ.
ಅದ ಮಾತು. ಒಮ್ಮೆ ಬಿಡು ಅಂತ, ಒಮ್ಮೆ ತಗೋ ಅಂತ.

ಮೆಟ್ಟಲ ಮ್ಯಾಲೆ ಜರೀನಾನ ಫೋನು.
ನಿನ್ನ ಮಷೀನಿಗೆ ಹೊಸ ಹುಡುಗಿ ಬಂದಾಳ,
ಹದಿನೆಂಟಂತ, ಭಾಳ ಚುರುಕು,
ಅಂಜಿಕಿ ಅನ್ನೂದ ಇಲ್ಲ ಆಕಿಗೆ, ಅಂದ್ಲು.

ಬೆರಳು ಮಿಡಿಯಿತು.
ಇಲ್ಲದ ತುದಿಯಾಗ.